ಕುಂಕುಮ ಇಟ್ಟ ಡಬ್ಬ

ಬೆಳಿಗ್ಗೆ ಏಳು ಗಂಟೆಗೆ ಮುತ್ತಣ್ಣ ಓನರ್ ನರಸಪ್ಪನ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದು ನಿಂತಿದ್ದ. ದೋಸೆ ಹಿಟ್ಟಿನ ಪಾತ್ರೆಗೂ ಕೊತ್ತಂಬರಿ ಕಟ್ಟಿಗೂ ನಡುವೆ ಎರಡು ಬಿಳಿ ಡಬ್ಬ. ಒಂದು ನರಸಪ್ಪನದು, ಇನ್ನೊಂದು ತನ್ನದು. ಎರಡರ ಮೇಲೂ ಹೆಸರಿಲ್ಲ, ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷ್ ನಂಬರು ಮಾತ್ರ. ಆಸ್ಪತ್ರೆಯವರು ಔಷಧಿಯನ್ನು ತಣ್ಣಗೆ ಇಡಲೇಬೇಕು ಎಂದಿದ್ದರು, ಮುತ್ತಣ್ಣನ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಫ್ರಿಜ್ಜಿರಲಿಲ್ಲ. ಹಾಗಾಗಿ ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಚಪ್ಪಲಿ ಹೊರಗೆ ಬಿಟ್ಟು, ಓನರ್ ಮನೆಯ ಅಡುಗೆಮನೆವರೆಗೆ ಬಂದು, ತನ್ನ ಸಿರಿಂಜು ತೆಗೆದುಕೊಂಡು, ಹಿತ್ತಿಲ ಕಟ್ಟೆಯ ಮೇಲೆ ಕೂತು ಹೊಟ್ಟೆಗೆ ಚುಚ್ಚಿಕೊಳ್ಳುವುದು. ಮೊದಲ ದಿನವೇ ನರಸಪ್ಪನ ಹೆಂಡತಿ ವೆಂಕಟಮ್ಮ ಗಂಡನ ಡಬ್ಬಕ್ಕೆ ಕುಂಕುಮ ಇಟ್ಟಿದ್ದಳು. ಆಕೆಗೆ ಇಂಗ್ಲಿಷ್ ನಂಬರು ಓದಲು ಬಾರದು, ಗುರುತು ಬೇಕಲ್ಲ. "ನಿಂದಕ್ಕೂ ಒಸಿ ಇಕ್ಲೇನಪ್ಪಾ?" ಎಂದು ಕೇಳಿದ್ದಳು. "ಬ್ಯಾಡ್ರಿ ಅಕ್ಕಾರ, ಎರಡಕ್ಕೂ ಇಟ್ರ ಗುರುತು ಹೆಂಗ ಸಿಗ್ತೈತ್ರಿ" ಎಂದು ಮುತ್ತಣ್ಣ ದೊಡ್ಡ ಜಾಣನಂತೆ ನಕ್ಕಿದ್ದ. ಆಮೇಲೆ ಎಷ್ಟು ದಿನ ಆ ಮಾತಿಗೆ ತನ್ನನ್ನು ತಾನೇ ಬೈದುಕೊಂಡಿದ್ದನೋ. ಇಡಿಸಿಕೊಳ್ಳಬೇಕಿತ್ತು. ದೇವರ ಕಣ್ಣಿಗೆ ಒಂದೇ ಡಬ್ಬ ಕಾಣುವ ಹಾಗೆ ನಾನೇ ಮಾಡಿಕೊಂಡೆ ಎಂದು. ಈಗ ಆ ಚಿಂತೆ ಇಲ್ಲ. ಈಗ ಕುಂಕುಮದ ಡಬ್ಬದ ಒಳಗಿರುವವು ಮುತ್ತಣ್ಣನ ಸಿರಿಂಜುಗಳು, ಬೋಳು ಡಬ್ಬದ ಒಳಗಿರುವವು ನರಸಪ್ಪನವು. ಹೋದ ಭಾನುವಾರ ತಾನೇ ಕೈಯಾರೆ ಅದಲುಬದಲು ಮಾಡಿದ್ದು. ಇವತ್ತು ಗುರುವಾರ.

ಬೋಳು ಡಬ್ಬದಿಂದ ಒಂದು ಸಿರಿಂಜು ಎತ್ತಿಕೊಂಡು ಅವನು ಹಿತ್ತಿಲಿಗೆ ನಡೆದ. ನೀರಿನ ಹಾಗೆ ತಿಳಿಯಾಗಿತ್ತು ಒಳಗಿನದು. ಎರಡೂ ಹಾಗೇ ಇರುತ್ತವೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ ಎಂದು ಡಾಕ್ಟರ್ ಲಾವಣ್ಯ ಮೊದಲೇ ಹೇಳಿದ್ದರು. ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ ಅವರು ಒಂದು ಹಾಳೆಯ ಮೇಲೆ ಹೃದಯ ಬರೆದು, ಅದರ ಕೆಳಗೆ ಅವರೆಕಾಳಿನ ಆಕಾರದಲ್ಲಿ ಎರಡು ಕಿಡ್ನಿ ಬರೆದು, ನಡುವೆ ಒಂದು ಗೆರೆ ಎಳೆದಿದ್ದರು. "ಹೃದಯ ಅಂದ್ರೆ ಬರೀ ಪಂಪು ಅಂದ್ಕೋಬೇಡಿ. ಮೈಯಲ್ಲಿ ನೀರು ಜಾಸ್ತಿಯಾಗಿ ಅದಕ್ಕೆ ಒತ್ತಡ ಬಿದ್ರೆ ಅದು ಒಂದು ಹಾರ್ಮೋನ್ ಬಿಡುತ್ತೆ. ಅದು ಹೋಗಿ ಕಿಡ್ನಿಗೆ ಹೇಳುತ್ತೆ, ಉಪ್ಪು ಹೊರಗೆ ಹಾಕು, ನೀರು ಹೊರಗೆ ಹಾಕು ಅಂತ. ಅದನ್ನೇ ಈಗ ಲ್ಯಾಬಲ್ಲಿ ತಯಾರು ಮಾಡಿದ್ದಾರೆ. ನಿಮ್ಮಂಥವರ ಕಿಡ್ನಿ ಇನ್ನಷ್ಟು ಹಾಳಾಗದ ಹಾಗೆ ಅದು ತಡೆಯುತ್ತಾ ಅಂತ ನೋಡ್ತಿರೋದು." ಅರ್ಧ ಜನಕ್ಕೆ ಆ ಔಷಧಿ, ಉಳಿದ ಅರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಕಂಪ್ಯೂಟರು ಆರಿಸುತ್ತದೆ, ಡಾಕ್ಟರಿಗೂ ಗೊತ್ತಿರುವುದಿಲ್ಲ. ಬಿಪಿ ಇಳಿದು ತಲೆ ಸುತ್ತಬಹುದು, ಸುತ್ತಿದರೆ ಕೂಡಲೇ ಫೋನ್ ಮಾಡಿ ಎಂದೂ ಹೇಳಿ, ಹೆಬ್ಬೆರಳಷ್ಟು ದಪ್ಪದ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡಿದ್ದರು. ಮುತ್ತಣ್ಣನ ತಲೆಯಲ್ಲಿ ಉಳಿದದ್ದು ಒಂದೇ. ಇದು ಹಿಡಿದರೆ ಡಯಾಲಿಸಿಸ್ ದೂರ, ಹಿಡಿಯದಿದ್ದರೆ ಎರಡು ವರ್ಷದೊಳಗೆ ವಾರಕ್ಕೆ ಮೂರು ದಿನ ಆ ಯಂತ್ರದ ಪಕ್ಕ ಮಲಗಬೇಕು. ಮಲಗಿದವನನ್ನು ಜಿಗಣಿಯ ಯಾವ ಫ್ಯಾಕ್ಟರಿಯೂ ಲೇತಿನ ಮುಂದೆ ನಿಲ್ಲಿಸಿಕೊಳ್ಳುವುದಿಲ್ಲ.

ಆ ದಿನವೇ, ಅದೇ ವರಾಂಡದಲ್ಲಿ, ಅದೇ ದಪ್ಪ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನರಸಪ್ಪ. ಆರು ವರ್ಷ ಅವನ ಮನೆಯಲ್ಲಿ ಬಾಡಿಗೆಗಿದ್ದರೂ ಅವನಿಗೆ ಮುತ್ತಣ್ಣ ಎಂಬ ಹೆಸರು ಗೊತ್ತಿರಲಿಲ್ಲ. "ಏಯ್, ನೀನು ನಮ್ಮ ಮೂರ್ನೇ ಮನೆಯವನಲ್ವಾ? ನಿಂಗೂ ಕಿಡ್ನೀನಾ?" ಎಂದು ಕೇಳಿದವನ ದನಿಯಲ್ಲಿ ಹಬ್ಬದಲ್ಲಿ ನೆಂಟ ಸಿಕ್ಕಂಥ ಸಂತೋಷ. ಅಲ್ಲಿಂದ ಶುರುವಾಯಿತು ಸ್ನೇಹ. ಸ್ನೇಹವೇ ಅನ್ನಬೇಕು, ಬೇರೆ ಏನನ್ನುವುದು? ತಿಂಗಳ ತಪಾಸಣೆಗೆ ತನ್ನ ಕಾರಿನಲ್ಲೇ ಕರೆದೊಯ್ಯುತ್ತಿದ್ದ, ಫ್ರಿಜ್ಜಿನಲ್ಲಿ ಜಾಗ ಕೊಟ್ಟಿದ್ದ, ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಿಸಿ "ಕೂತ್ಕೋ ಬಾ ಮುತ್ತಣ್ಣ" ಎನ್ನುತ್ತಿದ್ದ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಹದಿನಾಲ್ಕು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟ ಗೌಡ, ಕುಷ್ಟಗಿಯ ಕಡೆಯಿಂದ ಬಂದ ಲೇತ್ ಕೆಲಸದವನ ಪಕ್ಕ ಕೂತು ಕಾಲಿನ ಊತದ ಮಾತಾಡುತ್ತಿದ್ದ. ಕಾಯಿಲೆಯೊಂದು ತಮ್ಮಿಬ್ಬರನ್ನು ಸಮ ಮಾಡಿತಲ್ಲ ಎಂದು ಮುತ್ತಣ್ಣನಿಗೆ ಒಳಗೊಳಗೇ ಹಿತವಾಗಿತ್ತು. ಆ ಹಿತ ಒಂದು ತಿಂಗಳು ಬಾಳಿತು.

ಎರಡನೇ ತಿಂಗಳಿಗೆ ನರಸಪ್ಪನ ಕಾಲು ಇಳಿಯಿತು. ಅದನ್ನು ಮೊದಲು ನೋಡಿದ್ದೇ ಮುತ್ತಣ್ಣ, ಹೆಂಡತಿಗಿಂತ ಮೊದಲು. ಬೆರಳಿಟ್ಟು ಒತ್ತಿದರೆ ಕುಳಿ ಬೀಳುತ್ತಿದ್ದ ಮೀನಖಂಡ ಗಟ್ಟಿಯಾಗಿತ್ತು, ಬೆರಳಿನ ಹರಳಿನುಂಗುರ ಸಡಿಲವಾಗಿ ತಿರುಗುತ್ತಿತ್ತು, ರೆಪ್ಪೆಗಳ ಬಾವು ಹೋಗಿ ಕಣ್ಣು ಕಣ್ಣಿನ ಹಾಗೆ ಕಾಣುತ್ತಿತ್ತು. ರಕ್ತದ ವರದಿಯಲ್ಲೂ ಇಳಿತ. ಮುತ್ತಣ್ಣನ ವರದಿ ಇದ್ದಲ್ಲೇ ಇತ್ತು. "ಏರಿಲ್ವಲ್ಲ, ಅಷ್ಟೇ ನಮಗೆ ದೊಡ್ಡದು" ಎಂದು ಡಾಕ್ಟರ್ ಲಾವಣ್ಯ ನಕ್ಕಿದ್ದು ಅವನಿಗೆ ಫೇಲಾದ ಹುಡುಗನ ಬೆನ್ನು ತಟ್ಟಿದ ಹಾಗೆ ಕೇಳಿಸಿತು. ವಾಪಸು ಬರುವಾಗ ಕಾರಿನಲ್ಲಿ ನರಸಪ್ಪ, "ನಿಂಗೂ ಇಡಿಯುತ್ತೆ ಬಿಡಪ್ಪ, ಒಬ್ಬೊಬ್ರಿಗೆ ನಿಧಾನ" ಎಂದ. ಆ ಮಾತು, ಆ ದೊಡ್ಡ ಮನಸ್ಸು, ಎಸಿಯ ಆ ತಣ್ಣನೆ ಗಾಳಿ. ಮುತ್ತಣ್ಣ ಕಿಟಕಿಯ ಕಡೆ ಮುಖ ಮಾಡಿ ಕೂತ. ಕಂಪ್ಯೂಟರಿಗೂ ಗೊತ್ತಾಗಿ ಹೋಯಿತೇ ಯಾರಿಗೆ ಕೊಡಬೇಕೆಂದು? ಹೊಲ ಇದ್ದವನಿಗೆ, ಮನೆ ಇದ್ದವನಿಗೆ, ಫ್ರಿಜ್ಜಿದ್ದವನಿಗೆ ಔಷಧಿ. ತನಗೆ ಉಪ್ಪುನೀರು. ಉಪ್ಪುನೀರು ಕುಡಿಯಲು ಇಷ್ಟು ದೂರ ಬರಬೇಕಿತ್ತೇ ಎಂದುಕೊಂಡ.

ಅವತ್ತಿನಿಂದ ಅವನಿಗೆ ನರಸಪ್ಪನ ದೇಹದ ಮೇಲೆ ಒಂದು ಕಣ್ಣು. ಅವನು ಎಷ್ಟು ಮುದ್ದೆ ಉಂಡ, ಮಹಡಿ ಹತ್ತುವಾಗ ಎಲ್ಲಿ ನಿಂತ, ಹೊಸ ಚಪ್ಪಲಿಯ ಪಟ್ಟಿ ಯಾವ ತೂತಿಗೆ ಹಾಕಿದ. ಪ್ರೀತಿಸಿದವಳನ್ನು ಹೀಗೆ ನೋಡಿದ್ದರೂ ಒಂದು ಮರ್ಯಾದೆ ಇತ್ತು, ಮೂರ್ಖ. ವೆಂಕಟಮ್ಮ ಉಪ್ಪಿನ ಜಾಡಿಯನ್ನು ಅಟ್ಟಕ್ಕೆ ಹಾಕಿ, ಉಪ್ಪಿನಕಾಯಿ ಭರಣಿಯನ್ನು ತಂಗಿಯ ಮನೆಗೆ ಸಾಗಿಸಿ, ಮನೆಮಂದಿಗೆಲ್ಲ ಸಪ್ಪೆ ಸಾರು ಬಡಿಸುತ್ತಿದ್ದುದನ್ನು ಅವನು ದಿನಾ ನೋಡುತ್ತಿದ್ದ. ನೋಡಿ ಮನಸ್ಸಿನಲ್ಲೇ ನಗುತ್ತಿದ್ದ. ನಿಜವಾದ ಔಷಧಿ ಸಿಕ್ಕವನಿಗೆ ಈ ವ್ರತ ಯಾಕೆ ಎಂದು. ಮುತ್ತಣ್ಣನ ಹೆಂಡತಿ ಮಹಾನಂದಾ ಗಾರ್ಮೆಂಟ್ಸಿನಿಂದ ಬರುವುದೇ ಏಳಕ್ಕೆ, ಎರಡು ಥರ ಅಡುಗೆ ಮಾಡಲು ಅವಳಿಗೆ ನಾಲ್ಕು ಕೈ ಇಲ್ಲ. ಶೇಂಗಾ ಹಿಂಡಿ, ಕೆಂಪು ಚಟ್ನಿ, ಮಧ್ಯಾಹ್ನ ಕ್ಯಾಂಟೀನಿನ ಸಾಂಬಾರು, ಎಲ್ಲದರಲ್ಲೂ ಉಪ್ಪು. ಒಂದು ಸಂಜೆ ಅವಳು ರೊಟ್ಟಿ ತಟ್ಟುತ್ತಾ, ಏನೂ ಗೊತ್ತಿಲ್ಲದವಳ ಹಾಗೆ, "ಓನರ್ ಅಣ್ಣಾರ ಮಾರಿ ನೋಡಿರೇನು? ಹೆಂಗ ಕಳಿ ಬಂದೈತಿ. ನಿಮಗ್ಯಾಕ ಹಿಡಿವಲ್ದು?" ಎಂದಳು. ಮುತ್ತಣ್ಣ ತಟ್ಟೆ ಸರಿಸಿ ಎದ್ದುಹೋದ. ಅವಳು ಬೇಕೆಂದು ಅಂದದ್ದಲ್ಲ, ಅವನಿಗೂ ಗೊತ್ತು. ಆದರೆ ಅವಳೂ ಆ ಮುಖ ನೋಡಿದ್ದಾಳಲ್ಲ ಎಂಬುದು ರಾತ್ರಿಯೆಲ್ಲ ಕೊರೆಯಿತು.

ಮತ್ತೆ ಆ ಕ್ಯಾನು. ತಪಾಸಣೆಯ ಹಿಂದಿನ ದಿನ ಇಪ್ಪತ್ತನಾಲ್ಕು ಗಂಟೆಯ ಮೂತ್ರ ಅಷ್ಟನ್ನೂ ಐದು ಲೀಟರಿನ ಬಿಳಿ ಕ್ಯಾನಿನಲ್ಲಿ ಹಿಡಿದಿಡಬೇಕು, ಒಂದು ತೊಟ್ಟೂ ಚೆಲ್ಲಬಾರದು. ನರಸಪ್ಪ ತನ್ನ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಹಿಡಿಯುತ್ತಾನೆ. ಮುತ್ತಣ್ಣನಿಗೆ ಶಿಫ್ಟು ತಪ್ಪಿಸುವ ಹಾಗಿಲ್ಲ. ಕ್ಯಾನನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಜಿಗಣಿಯ ಬಸ್ಸು ಹತ್ತಬೇಕು. ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯುರಿಟಿಯ ಗಂಗಪ್ಪ ಚೀಲ ತೆರೆಸಿ, ಕ್ಯಾನಿನ ಮುಚ್ಚಳ ತಿರುಗಿಸಿ ಮೂಸಿದ್ದ. ಹಿಂದೆ ಐವತ್ತು ಜನರ ಸಾಲು. "ಊರಿಂದ ಮಜ್ಜಿಗೆ ತಂದಿದ್ದಾನೆ ಅಂದ್ಕೊಂಡೆ ಕಣ್ರೋ" ಎಂದು ಗಂಗಪ್ಪ ಕೂಗಿದಾಗ ಸಾಲು ಇಡೀ ನಕ್ಕಿತ್ತು, ಮುತ್ತಣ್ಣನೂ ನಕ್ಕಿದ್ದ. ಅದೂ ಸಾಲದೆ ಈ ಮೂರು ತಿಂಗಳಲ್ಲಿ ತಾಸಿಗೊಮ್ಮೆ ಲೇತು ಬಿಟ್ಟು ಓಡಬೇಕಾಗುತ್ತಿತ್ತು. "ಏನು ಗುರು, ನಲ್ಲಿ ಕೆಟ್ಟಿದ್ಯಾ?" ಎಂದು ಸೂಪರ್‌ವೈಸರ್ ಕೇಳಿದ್ದ. ಸೂಜಿ ಚುಚ್ಚಿಕೊಂಡ ಮೇಲೆ ಬಸ್ಸಿನಲ್ಲಿ ಎದ್ದು ನಿಂತರೆ ಒಂದು ಕ್ಷಣ ಕಣ್ಣು ಕತ್ತಲಿಡುತ್ತಿತ್ತು. ನಿದ್ದೆಗೆಟ್ಟ ಮೈ, ಹಾಳು ಕಿಡ್ನಿ, ಇನ್ನೇನಾಗುತ್ತದೆ ಎಂದುಕೊಂಡು ಅದನ್ನು ಯಾರಿಗೂ ಹೇಳಿರಲಿಲ್ಲ.

ಭಾನುವಾರ ನರಸಪ್ಪನ ಮನೆಯವರು ಆನೇಕಲ್ಲಿನಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೊರಟಿದ್ದರು. ಬೆಳಕು ಹರಿಯುವ ಮೊದಲೇ ನರಸಪ್ಪ ಸೂಜಿ ಮುಗಿಸಿದ್ದ. ವೆಂಕಟಮ್ಮ ರೇಷ್ಮೆ ಸೀರೆಯಲ್ಲಿ ಮೂರನೇ ಮನೆಯವರೆಗೆ ನಡೆದು ಬಂದು ಬೀಗದ ಕೈ ಕೊಟ್ಟಳು. "ನಿನ್ ಸೂಜಿ ತಪ್ಪಬಾರ್ದು ಕಣಪ್ಪಾ. ತಕಂಡು ಬಾಗ್ಲು ಎಳ್ಕಂಡೋಗು." ಇಡೀ ಮನೆಯ ಬೀಗದ ಕೈ. ಅಷ್ಟು ನಂಬಿಕೆಯನ್ನು ಒಬ್ಬರು ಅಂಗೈಯಲ್ಲಿಟ್ಟರೆ ಕರಗಬೇಕಿತ್ತು, ಅವನಿಗೆ ಅವಮಾನವಾಯಿತು. ಇವನೇನು ಮಾಡಿಯಾನು ಎಂದಲ್ಲವೇ ಕೊಡುವುದು? ಖಾಲಿ ಮನೆಯಲ್ಲಿ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಎರಡು ಡಬ್ಬಗಳನ್ನೂ ನೆಲದ ಮೇಲಿಟ್ಟುಕೊಂಡು ಕೂತ. ಒಳಗೆ ಸಿರಿಂಜುಗಳನ್ನು ಜೋಡಿಸಿದ ರಟ್ಟಿನ ತಟ್ಟೆ ಇರುತ್ತದೆ, ಎತ್ತಿದರೆ ಅಷ್ಟೂ ಒಟ್ಟಿಗೆ ಬರುತ್ತದೆ. ಅದರ ತಟ್ಟೆ ಇದಕ್ಕೆ, ಇದರ ತಟ್ಟೆ ಅದಕ್ಕೆ. ಎರಡು ನಿಮಿಷದ ಕೆಲಸ. ಮೂರು ತಿಂಗಳು ಅವನು ತಗೊಂಡಿದ್ದಾನೆ, ಇನ್ನು ನಾನು ತಗೊಳ್ತೀನಿ, ನ್ಯಾಯ ತಾನೇ ಎಂದು ಫ್ರಿಜ್ಜಿಗೆ ಕೇಳುವಷ್ಟು ಗಟ್ಟಿಯಾಗಿ ಅಂದುಕೊಂಡ. ಅವತ್ತಿನ ಸೂಜಿಯನ್ನು ಬೋಳು ಡಬ್ಬದಿಂದಲೇ ಚುಚ್ಚಿಕೊಂಡು, ಬಾಗಿಲು ಎಳೆದುಕೊಂಡು, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ ಹೋದ.

ಆಹಾ, ಆ ನಾಲ್ಕು ದಿನ. ಸೋಮವಾರವೇ ಕಾಲು ಹಗುರವೆನಿಸಿತು. ಲೇತು ಬಿಟ್ಟು ಓಡುವುದು ನಿಂತಿತು, ಬಸ್ಸಿನಲ್ಲಿ ಕಣ್ಣು ಕತ್ತಲಿಡುವುದೂ ನಿಂತಿತು. ಮಂಗಳವಾರ ಎರಡು ರೊಟ್ಟಿ ಹೆಚ್ಚು ತಿಂದ. ಮಹಾನಂದಾ, "ಇವತ್ತು ಮಾರಿ ಛಲೋ ಕಾಣ್ತೈತಿ ನೋಡ್ರಿ" ಎಂದಾಗ ಗೋಡೆಗೆ ತೂಗುಹಾಕಿದ್ದ ಕನ್ನಡಿ ಇಳಿಸಿಕೊಂಡು ಬೆಳಕಿನಲ್ಲಿ ಮುಖ ನೋಡಿಕೊಂಡ. ಇದೀಗ ಔಷಧಿ ಎಂದರೆ! ಅತ್ತ ನರಸಪ್ಪ ಬುಧವಾರ ಸಂಜೆ ಗೇಟಿನ ಬಳಿ ಕುರ್ಚಿಯಲ್ಲಿ ಕೂತು, "ಯಾಕೋ ಎದ್ರೆ ಭೂಮಿ ತಿರುಗ್ದಂಗೆ ಆಯ್ತದೆ ಮುತ್ತಣ್ಣ. ಒಂದಕ್ಕೂ ಜಾಸ್ತಿ" ಎಂದ. "ಬಿಸಲ್ರೀ ಅಣ್ಣಾರ, ಒಂದಿಷ್ಟು ಮಜ್ಜಿಗಿ ಕುಡೀರಿ" ಎಂದ ಮುತ್ತಣ್ಣ. ಔಷಧಿ ತಪ್ಪಿತಲ್ಲ, ದೇಹ ಕೇಳುತ್ತಿದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅಯ್ಯೋ ಎನ್ನಿಸಿತು, ಸುಳ್ಳಲ್ಲ. ಅಯ್ಯೋದ ಅಡಿಯಲ್ಲಿ ಒಂದು ಖುಷಿಯೂ ಇತ್ತು.

ಗುರುವಾರದ ಸೂಜಿಯನ್ನು ಹಿತ್ತಿಲ ಕಟ್ಟೆಯ ಮೇಲೆ ಚುಚ್ಚಿಕೊಂಡು, ಹತ್ತಿ ಒತ್ತಿ ಹಿಡಿದು ಅವನು ಇದನ್ನೆಲ್ಲ ಮೆಲುಕು ಹಾಕುತ್ತಿದ್ದಾಗ ಒಳಗೆ ವೆಂಕಟಮ್ಮ ಗಂಡನಿಗೆ ಸೂಜಿ ಹಾಕುತ್ತಿರುವುದು ಕೇಳಿಸುತ್ತಿತ್ತು. "ಅಲ್ಲಾಡ್ಬೇಡ ಸುಮ್ಕಿರು" ಎಂದು ಗದರುತ್ತಿದ್ದಳು. ಮುತ್ತಣ್ಣ ಹಿತ್ತಿಲ ನಲ್ಲಿಯಲ್ಲಿ ಕೈಕಾಲು ತೊಳೆದ, ವೆಂಕಟಮ್ಮ ಕಾಫಿ ಕೊಟ್ಟಳು, ಕುಡಿದ. ನರಸಪ್ಪ ಹೊರಗೆ ನೀರಿನ ಮೋಟಾರು ಹಾಕಲು ಹೋದ. ಶಿಫ್ಟಿಗೆ ಹೊತ್ತಾಯಿತೆಂದು ಮುತ್ತಣ್ಣ ಗೇಟಿಗೆ ಬರುವುದಕ್ಕೂ, ನರಸಪ್ಪ ಮೋಟಾರಿನ ಹತ್ತಿರ ಬಗ್ಗಿದವನು ಮೇಲೆದ್ದು, ಗೋಡೆ ಹಿಡಿಯಲು ಕೈ ಚಾಚಿ, ಗೋಡೆ ಸಿಗದೆ ಹಾಗೇ ಕುಸಿಯುವುದಕ್ಕೂ ಸರಿಹೋಯಿತು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಮೈಯೆಲ್ಲ ತಣ್ಣನೆ ಬೆವರು. ಮುತ್ತಣ್ಣನೇ ಎತ್ತಿದ, ಮುತ್ತಣ್ಣನೇ ರಸ್ತೆಗೆ ಓಡಿ ಆಟೋ ತಂದ, ಆ ಭಾರದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಆಸ್ಪತ್ರೆಯವರೆಗೂ ಕೂತ. ವೆಂಕಟಮ್ಮ ಗಂಡನ ಕಾಲು ತಿಕ್ಕುತ್ತಾ ಒಂದೇ ಸಮ, "ನೀನಿದ್ದಿದ್ಕೆ ಆಯ್ತು, ನೀನಿದ್ದಿದ್ಕೆ ಆಯ್ತು" ಎನ್ನುತ್ತಿದ್ದಳು. ಅವಳ ಬಾಯಿ ಮುಚ್ಚಿಸಬೇಕೆನ್ನಿಸಿತು ಮುತ್ತಣ್ಣನಿಗೆ.

ಬಾಟಲಿ ಏರಿಸಿದರು, ಕಾಲಿನ ಕಡೆ ಮಂಚ ಎತ್ತರ ಮಾಡಿದರು, ಒಂದು ಗಂಟೆಯೊಳಗೆ ನರಸಪ್ಪ ಕಣ್ಣು ಬಿಟ್ಟ. ಡಾಕ್ಟರ್ ಲಾವಣ್ಯ ಫೋನಿನಲ್ಲಿ ತುಂಬ ಹೊತ್ತು ಮಾತಾಡಿ ಬಂದರು. ಇಂಥ ಸಮಯದಲ್ಲಿ ಗುಟ್ಟು ಒಡೆಯಬಹುದಂತೆ, ಆ ರೋಗಿಗೆ ಕೊಟ್ಟದ್ದು ಯಾವುದೆಂದು ಕಂಪನಿಯಿಂದ ಕೇಳಬಹುದಂತೆ. ಕೇಳಿದ್ದರು. ವೆಂಕಟಮ್ಮನ ಮುಂದೆ ನಿಂತು, ಪಕ್ಕದಲ್ಲಿ ಮುತ್ತಣ್ಣ ಇದ್ದಾನೆಂಬುದನ್ನೂ ಮರೆತವರಂತೆ ಹೇಳಿದರು. "ಅಮ್ಮಾ, ನಿಮ್ಮ ಯಜಮಾನ್ರಿಗೆ ಬಂದಿರೋದು ಔಷಧಿ ಅಲ್ಲ, ಬರೀ ಉಪ್ಪುನೀರು. ಮೊದಲಿಂದಾನೂ ಅದೇ. ಅದ್ರಿಂದ ಬಿಪಿ ಇಷ್ಟು ಇಳಿಯೋದು ಸಾಧ್ಯಾನೇ ಇಲ್ಲ."

"ಮತ್ತೆ ಕಾಲು ಇಳೀತಲ್ಲವ್ವ?"

"ಅದು ನಿಮ್ಮ ಅಡುಗೆಯಿಂದ. ಉಪ್ಪು ಬಿಡಿಸಿದ್ರಲ್ಲ."

ಮುತ್ತಣ್ಣ ಗೋಡೆಗೆ ಒರಗಿದ. ನರಸಪ್ಪನದು ನೀರು. ಹಾಗಾದರೆ ನಾಲ್ಕು ದಿನದಿಂದ ನರಸಪ್ಪನ ಮೈಗೆ ಹೋಗಿ, ಇವತ್ತು ಅವನನ್ನು ಕೆಡವಿದ್ದು ಮುತ್ತಣ್ಣನ ಸಿರಿಂಜು. ಔಷಧಿ ಮೊದಲಿಂದ ಇದ್ದದ್ದು ಬೋಳು ಡಬ್ಬದಲ್ಲಿ. ಲೇತು ಬಿಟ್ಟು ಓಡಿದ್ದು, ಬಸ್ಸಿನಲ್ಲಿ ಕಣ್ಣು ಕತ್ತಲಿಟ್ಟದ್ದು, ಏರದೆ ನಿಂತ ಆ ವರದಿ, ಎಲ್ಲ ಅದೇ. ಮೂರು ತಿಂಗಳು ಹೊಟ್ಟೆಯೊಳಗೇ ಇದ್ದದ್ದನ್ನು ಅವನು ಪಕ್ಕದವನ ಮುಖದಲ್ಲಿ ಹುಡುಕಿದ್ದ. ಆಮೇಲೆ ತಾನೇ ಎತ್ತಿ ಅವನಿಗೆ ಕೊಟ್ಟು, ಅವನ ಉಪ್ಪುನೀರು ಚುಚ್ಚಿಕೊಂಡು, ಕನ್ನಡಿ ನೋಡಿಕೊಂಡಿದ್ದ. ನಗು ಬರುವಂತಿತ್ತು, ಗಂಗಪ್ಪ ಗೇಟಿನಲ್ಲಿ ಕೂಗಿದಾಗ ಬಂದಿತ್ತಲ್ಲ ಅಂಥದು.

"ಹಂಗಾದ್ರ ಈಗ ಏನ್ ಮಾಡ್ತೀರಿ ಮೇಡಂ?" ಎಂದು ಕೇಳಿದ.

"ಹೃದಯದಲ್ಲೇ ಏನೋ ಇರಬೇಕು. ಇಸಿಜಿ ಸ್ವಲ್ಪ ಡೌಟ್ ಇದೆ. ಮೂರು ಗಂಟೆಗೆ ಆಂಜಿಯೋಗ್ರಾಂ ಮಾಡ್ತಾರೆ. ಅದಕ್ಕೆ ಹಾಕೋ ಬಣ್ಣದ ಔಷಧಿ ಕಿಡ್ನಿಗೆ ಕೆಟ್ಟದ್ದು, ಇವ್ರ ಕಿಡ್ನಿ ತಡ್ಕೊಳ್ಳುತ್ತೋ ಇಲ್ವೋ ಹೇಳಕ್ಕಾಗಲ್ಲ. ತಡ್ಕೊಳ್ದಿದ್ರೆ ನಾಳೆಯಿಂದಾನೇ ಡಯಾಲಿಸಿಸ್. ಆದ್ರೆ ಬೇರೆ ದಾರಿ ಇಲ್ಲ." ಒಂದು ಕ್ಷಣ ಯೋಚಿಸಿ, "ಅವರ ಇಂಜೆಕ್ಷನ್ ಡಬ್ಬ ಒಂದ್ಸಲ ನೋಡ್ಬೇಕು. ಕಂಪನಿಯವರು ತಪ್ಪಿ ಬೇರೆ ನಂಬರಿನ ಸಿರಿಂಜ್ ಹಾಕಿದ್ರೆ? ಅದೊಂದೇ ಉಳಿದಿರೋದು. ಅದೂ ಸರಿ ಇದ್ರೆ ಹೃದಯಾನೇ" ಎಂದರು.

ವೆಂಕಟಮ್ಮ ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು ಮುತ್ತಣ್ಣನ ಕೈಗಿಟ್ಟಳು. "ಕುಂಕುಮ ಐತಲ್ಲ, ಅದು. ಬೇಗ ತಕಂಬಾರಪ್ಪ."

ಹೊರಡುವ ಮೊದಲು ನರಸಪ್ಪ ಕೈಸನ್ನೆ ಮಾಡಿ ಕರೆದ. ಮುತ್ತಣ್ಣ ಮಂಚದ ಹತ್ತಿರ ಬಗ್ಗಿದ. ನರಸಪ್ಪನ ತುಟಿ ಒಣಗಿತ್ತು, ಉಂಗುರ ಬೆರಳಿನ ಗೆಣ್ಣಿನವರೆಗೆ ಜಾರಿತ್ತು. "ನಂದು ಬರೀ ನೀರಂತೆ, ಕೇಳಿದ್ಯಾ?" ಎಂದ. "ಹೂಂನ್ರಿ ಅಣ್ಣಾರ." ನರಸಪ್ಪ ಅವನ ಮುಖವನ್ನು, ಕೊರಳನ್ನು, ಅಂಗಿಯ ಗುಂಡಿಯವರೆಗೂ ನಿಧಾನವಾಗಿ ನೋಡಿದ. "ಅಂಗಾರೆ ನಿಂಗೇ ಬಂದಿರೋದು ನಿಜವಾದ್ದು. ಇಬ್ರಲ್ಲಿ ಒಬ್ರಿಗೆ ಬರಬೇಕಲ್ಲ, ನಿಂಗ್ ಬಂತು" ಎಂದು ಮುಖ ಆ ಕಡೆ ತಿರುಗಿಸಿದ. ಆ ನೋಟ ಮುತ್ತಣ್ಣನಿಗೆ ಚೆನ್ನಾಗಿ ಗೊತ್ತು. ಎರಡು ತಿಂಗಳಿಂದ ತನ್ನ ಕಣ್ಣಿನಲ್ಲೇ ವಾಸವಾಗಿದ್ದ ನೋಟ. ಹುಟ್ಟಿದಾಗಿನಿಂದ ಯಾರೂ ಮುತ್ತಣ್ಣನನ್ನು ಹಾಗೆ ನೋಡಿರಲಿಲ್ಲ. ನೋಡುವಂಥದು ಅವನಲ್ಲಿ ಏನಿತ್ತು? ಅಯ್ಯೋ, ಎಷ್ಟು ಸಿಹಿ ಇತ್ತು ಅದು. ಹದಿನಾಲ್ಕು ಮನೆಯ ಗೌಡ, ಲೇತಿನ ಮುತ್ತಣ್ಣನ ಕಿಡ್ನಿ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದ. ಆ ಸಿಹಿ ಬಾಯಲ್ಲಿದ್ದಂತೆಯೇ ಅವನು ಬಸ್ ಸ್ಟಾಪಿಗೆ ನಡೆದ, ಮನೆ ಕಡೆ ಹೋಗುವ ಚಂದಾಪುರದ ಬಸ್ಸು ಹತ್ತಿದ, ಕಿಟಕಿ ಪಕ್ಕ ಕೂತ. ಅರ್ಧ ದಾರಿಗೆ ಬರುವಷ್ಟರಲ್ಲಿ ಅದು ಹಾಲು ಒಡೆದ ಹಾಗಾಗಿತ್ತು.

ಫ್ರಿಜ್ಜಿನ ಮುಂದೆ ಭಾನುವಾರ ಕೂತ ಜಾಗದಲ್ಲೇ ಕೂತ. ಎರಡೂ ಡಬ್ಬ ನೆಲದ ಮೇಲೆ. ಹನ್ನೆರಡೂವರೆ. ಮಾಡಬೇಕಾದ್ದು ಅದೇ ಎರಡು ನಿಮಿಷದ ಕೆಲಸ. ಅದರ ತಟ್ಟೆ ಇದಕ್ಕೆ, ಇದರದು ಅದಕ್ಕೆ. ಕುಂಕುಮದ ಡಬ್ಬದೊಳಗೆ ನರಸಪ್ಪನ ನಂಬರೇ ಇರುತ್ತದೆ, ಡಾಕ್ಟರು ಓದುತ್ತಾರೆ, ಸರಿ ಇದೆ ಎನ್ನುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ. ಮನೆ ಹೋಗುವುದಿಲ್ಲ, ಮರ್ಯಾದೆ ಹೋಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾಳೆ ಬೆಳಿಗ್ಗೆ ಏಳಕ್ಕೆ ಬೋಳು ಡಬ್ಬದಲ್ಲಿ ಔಷಧಿ ಇರುತ್ತದೆ. ಈಗ ಗೊತ್ತಿದೆ, ನಿಜವಾದ್ದು. ಡಾಕ್ಟರಿಗೂ ಗೊತ್ತಿಲ್ಲದ್ದು ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿದೆ. ಉಪ್ಪು ಬಿಟ್ಟು, ಮಹಾನಂದಾಳಿಗೆ ಹೇಳಿ ಸಪ್ಪೆ ಸಾರು ಮಾಡಿಸಿಕೊಂಡು, ಈ ಔಷಧಿ ತೆಗೆದುಕೊಂಡರೆ ವರದಿ ಇಳಿಯುತ್ತದೆ, ಯಂತ್ರದ ಮಂಚ ಹತ್ತುವುದು ತಪ್ಪುತ್ತದೆ. ಹತ್ತುವವನು ನರಸಪ್ಪ. ಅವನಿಗೇನು, ಹದಿನಾಲ್ಕು ಮನೆ ಇದೆ, ಕಾರಿದೆ, ಕಾಲು ತಿಕ್ಕುವ ಹೆಂಡತಿ ಇದ್ದಾಳೆ, ಲೇತಿನ ಮುಂದೆ ನಿಲ್ಲಬೇಕಾಗಿಲ್ಲ. ಮುತ್ತಣ್ಣ ಕುಂಕುಮದ ಡಬ್ಬದ ಮುಚ್ಚಳ ತೆಗೆದು ತಟ್ಟೆಯನ್ನು ಎತ್ತಿಯೂ ಬಿಟ್ಟ. ಆಗ ಬೆರಳು ನೋಡಿಕೊಂಡ. ಮುಚ್ಚಳದ ಮೇಲಿನ ಕುಂಕುಮ ಹೆಬ್ಬೆರಳಿಗೆ ಹತ್ತಿತ್ತು. ಒಣಗಿದ ಕುಂಕುಮವಲ್ಲ, ಹಸಿ. ಮೂರು ತಿಂಗಳ ಹಿಂದೆ ಇಟ್ಟದ್ದು ಹೀಗಿರುವುದಿಲ್ಲ, ಆಕೆ ದಿನಾ ಇಡುತ್ತಿದ್ದಾಳೆ. ಇವತ್ತು ಬೆಳಿಗ್ಗೆಯೂ ಇಟ್ಟಿದ್ದಾಳೆ, ಇಟ್ಟು, ಕೈ ಮುಗಿದು, ಮುತ್ತಣ್ಣನ ಸಿರಿಂಜು ತೆಗೆದು ಗಂಡನಿಗೆ ಚುಚ್ಚಿದ್ದಾಳೆ. ಅವನು ಬೋಳು ಡಬ್ಬವನ್ನು ತಿರುಗಿಸಿ ನೋಡಿದ. ಅದರ ಹಿಂಬದಿಯ ಮೂಲೆಯಲ್ಲಿ, ಗುರುತಿಗೆ ಅಡ್ಡಿಯಾಗದ ಹಾಗೆ, ಸಾಸಿವೆಯಷ್ಟು ಸಣ್ಣ ಒಂದು ಬೊಟ್ಟು. ಅದೂ ಹಸಿಯೇ.

ಬೇಡ ಎಂದಿದ್ದನಲ್ಲ, ಕೇಳದೆ ಇಟ್ಟಿದ್ದಳು. ದಿನಾ ತೆರೆದ ಬಾಗಿಲು, ದಿನಾ ಮುಟ್ಟಿದ ಡಬ್ಬ, ಒಂದು ದಿನವಾದರೂ ತನ್ನದನ್ನು ತಿರುಗಿಸಿ ನೋಡಿರಲಿಲ್ಲ. ನೋಡುತ್ತಿದ್ದದ್ದೆಲ್ಲ ಪಕ್ಕದ್ದು. ಅವನಿಗೆ ಅಳು ಬರಲಿಲ್ಲ, ಬಂದದ್ದು ಸಿಟ್ಟು, ಯಾರ ಮೇಲೆಂದು ಗೊತ್ತಾಗದ ಸಿಟ್ಟು. ಎತ್ತಿದ ತಟ್ಟೆಯನ್ನು ಎತ್ತಿದಲ್ಲಿಗೇ ಇಟ್ಟ. ಎರಡೂ ಡಬ್ಬವನ್ನು ಐಸಿನ ಜೊತೆ ಚೀಲಕ್ಕೆ ಹಾಕಿಕೊಂಡ, ಆ ಕ್ಯಾನು ಒಯ್ಯುತ್ತಿದ್ದ ಅದೇ ಬಟ್ಟೆಚೀಲ.

ಆಸ್ಪತ್ರೆ ತಲುಪಿದಾಗ ಎರಡು ಗಂಟೆ ಹತ್ತು ನಿಮಿಷ. ನರಸಪ್ಪನಿಗೆ ಆಗಲೇ ಹಸಿರು ಗೌನು ತೊಡಿಸಿದ್ದರು. ಮುತ್ತಣ್ಣ ಚೀಲವನ್ನು ಮಂಚದ ಕಾಲ ಬಳಿ ಇಟ್ಟು, ಎರಡೂ ಡಬ್ಬ ಹೊರತೆಗೆದು ಡಾಕ್ಟರ್ ಲಾವಣ್ಯರ ಕೈಗೆ ಕೊಟ್ಟ.

"ಎರಡ್ಯಾಕೆ ತಂದ್ರಿ?"

"ಒಳಗಿನ ನಂಬರು ಓದ್ರಿ ಮೇಡಂ. ಕಂಪನಿಯವರು ತಪ್ಪು ಮಾಡಿಲ್ರಿ. ನಾ ಮಾಡೀನಿ. ಇವರದು ನಾ ತಗೊಂಡೀನಿ, ನಂದು ಇವರಿಗೆ ಹೋಗೈತಿ. ಭಾನುವಾರದಿಂದ."

ಡಾಕ್ಟರ್ ಲಾವಣ್ಯ ಒಂದು ಸಿರಿಂಜು ತೆಗೆದು ನಂಬರು ಓದಿದರು. ಇನ್ನೊಂದು ಡಬ್ಬದಿಂದ ಮತ್ತೊಂದು ತೆಗೆದು ಓದಿದರು. ನರ್ಸಿನ ಕಡೆ ತಿರುಗಿ, "ಕ್ಯಾಥ್ ಲ್ಯಾಬಿಗೆ ಹೇಳಿ, ಆಂಜಿಯೋ ಬೇಡ" ಎಂದರು. ಆಮೇಲೆ ಮುತ್ತಣ್ಣನನ್ನು ನೋಡಿ, ಬೈಯುವ ದನಿಯಲ್ಲೂ ಅಲ್ಲ, ತುಂಬ ದಣಿದ ದನಿಯಲ್ಲಿ ಹೇಳಿದರು. "ಇಬ್ಬರನ್ನೂ ಇವತ್ತಿಂದ ಸ್ಟಡಿಯಿಂದ ತೆಗೀತಾರೆ. ನಿಮಗೆ ಅದು ಕೆಲಸ ಮಾಡ್ತಾ ಇತ್ತು ಮುತ್ತಣ್ಣ. ಇನ್ನು ಅದು ಎಲ್ಲೂ ಸಿಗಲ್ಲ, ಗೊತ್ತಲ್ವಾ?" ಮುತ್ತಣ್ಣ ಗೊತ್ತು ಎಂದು ತಲೆಯಾಡಿಸಿದ.

ವೆಂಕಟಮ್ಮ ಕೈ ಚಾಚಿದಳು. ಅವನು ಬೀಗದ ಕೈ ಗೊಂಚಲನ್ನು ಅವಳ ಅಂಗೈಯಲ್ಲಿಟ್ಟ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತಳು. ನರಸಪ್ಪನ ಬಾಯಿಂದ ಬೈಗುಳ ಬರಲೆಂದು ಮುತ್ತಣ್ಣ ಕಾದ. ಲೋಫರ್ ಎನ್ನಲಿ, ಉಂಡ ಮನೆಗೆ ಎನ್ನಲಿ, ನಾಳೆಯೇ ಮನೆ ಖಾಲಿ ಮಾಡು ಎನ್ನಲಿ. ನರಸಪ್ಪ ಮೇಲಿನ ಫ್ಯಾನು ನೋಡುತ್ತಾ ಮಲಗಿದ್ದ, ಬೆರಳುಗಳು ಹೊದಿಕೆಯ ಮೇಲೆ ಒಂದೊಂದಾಗಿ ಮಡಚಿಕೊಂಡವು. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ.

"ಅಂಗಾರೆ ನಾಕು ದಿನ ನಂಗೆ ನಿಜವಾದ್ದೇ ಸಿಕ್ತಾ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಬಾಡಿದ ಆ ಮುಖಕ್ಕೆ ಎಲ್ಲಿಂದಲೋ ಒಂದಿಷ್ಟು ಕಳೆ ಬಂದಿತ್ತು.

ಆ ಹೊತ್ತಿನಲ್ಲೂ ಮುತ್ತಣ್ಣ ಹೊದಿಕೆಯ ಮೇಲೆ ಮಡಚಿದ್ದ ಆ ಬೆರಳುಗಳನ್ನು ಎಣಿಸಿದ. ಆ ನಾಲ್ಕೂ ಸೂಜಿ ತನ್ನವು.